ಬೆಟ್ಟದ ಮೇಲೊಂದು ಮನೆ ಬೇಕಂತೆ!

ಅಲ್ಲಾ ಸ್ವಾಮಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೆಂದವರಿಗೆಲ್ಲ ಮಡಿಕೇರಿ ಕಡೆ ಒಂದು ಮನೆ ಬೇಕಂತೆ. ಕಿಟಕಿ ತೆಗೆದರೆ ಮಂಜು ಕಾಣಬೇಕು, ಕಾರು ಬಾಗಿಲಿಗೇ ಬರಬೇಕು! ಗೆಳೆಯನೊಬ್ಬ ಕಳಿಸಿದ ಜಾಹೀರಾತಿನಲ್ಲಿ 'ಸಮತಟ್ಟಾದ ಸೈಟು' ಅಂತಿತ್ತು. ಬೆಟ್ಟದಲ್ಲಿ ಸಮತಟ್ಟು ಎಲ್ಲಿಂದ ಬಂತು ಮಾರಾಯ್ರೆ? ಜೆಸಿಬಿಯಲ್ಲಿ ಇಳಿಜಾರು ಕಡಿದು, ಆ ಮಣ್ಣನ್ನೇ ಕೆಳಗೆ ತುಂಬಿದ್ದು. ಹಿಂದೆ ಆಸರೆಯಿಲ್ಲದೆ ನಿಂತ ಬರೆ (ಕಡಿದ ಮಣ್ಣಿನ ಗೋಡೆಗೆ ಕೊಡಗಿನವರು ಹಾಗನ್ನೋದು), ಮುಂದೆ ಸಡಿಲ ಮಣ್ಣು. ನೀರಿನ ತೋಡನ್ನೂ ಮುಚ್ಚಿಬಿಟ್ಟರೆ ಮಳೆಯೆಲ್ಲ ಮಣ್ಣಿನೊಳಗೇ ಇಳಿಯುತ್ತೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದವು. ಮಳೆ ವಿಪರೀತ ಸುರಿದಿತ್ತು, ಒಪ್ಪಿದೆ. ಆದರೆ ಮನೆ, ರಸ್ತೆಗೆಂದು ಇಳಿಜಾರು ಕಡಿದದ್ದೂ ಕಾರಣ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರೇ ಹೇಳಿದ್ದರು. ಯಾರು ಕೇಳಿದರು? 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂದರು. ಬ್ರೋಕರುಗಳಿಗೆ ಹಬ್ಬ.

'ನನ್ನ ದುಡ್ಡು, ನನ್ನ ಮನೆ' ಅನ್ನಬೇಡಿ. ಜಡಿಮಳೆಯ ರಾತ್ರಿ ನೀವು ಬೆಂಗಳೂರಲ್ಲಿ ಬೆಚ್ಚಗಿರ್ತೀರಿ. ನಿಮ್ಮ ಸೈಟಿನ ಕೆಳಗಿನ ಲೈನ್‌ಮನೆಯಲ್ಲಿ ತೋಟದ ಕೆಲಸದವರು ಮಕ್ಕಳ ಜೊತೆ ಮಲಗಿರ್ತಾರೆ.

ಕೊಳ್ಳಲೇಬೇಕಾ? ಗುಡ್ಡ ಕಡಿಯದೆ ಕಟ್ಟಿದ ಹಳೇ ಮನೆ ಹುಡುಕಿ. ನೋಡೋದಕ್ಕೆ ಜುಲೈ ಮಳೆಯಲ್ಲೇ ಹೋಗಿ. ಬ್ರೋಕರ್ ಮಾತ್ರ ಫೆಬ್ರವರಿಯಲ್ಲೇ ಬನ್ನಿ ಅಂತಾನೆ, ನೋಡ್ತಿರಿ.