ಕೂಟದಲ್ಲಿ ಹೇಳಿದ ಸಾಕ್ಷಿ ನೆರೆಮನೆಗೆ ಏಕೆ ತಲುಪುವುದಿಲ್ಲ?

ಧಾರವಾಡದ ಕಡೆ ಕ್ರೈಸ್ತರ ಮನೆಗಳಲ್ಲಿ ನಡೆಯುವ ಪ್ರಾರ್ಥನಾಕೂಟಗಳಲ್ಲಿ ಹಾಡು, ವಾಕ್ಯಪಠಣ ಮುಗಿದ ಮೇಲೆ ಸಾಕ್ಷಿ ಹೇಳುವ ಸಮಯ ಬರುತ್ತದೆ. ನನಗೆ ಗೊತ್ತಿರುವ ಒಬ್ಬ ಅಕ್ಕ ಎದ್ದು ನಿಂತರೆ ಮಕ್ಕಳೂ ಸದ್ದು ಮಾಡುವುದಿಲ್ಲ. ಗಂಡ ಐಸಿಯುನಲ್ಲಿದ್ದ ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಪ್ರಾರ್ಥಿಸಿದ್ದು, ಗಂಡ ಉಳಿಯುತ್ತಾನೋ ಇಲ್ಲವೋ ತಿಳಿಯದಿದ್ದರೂ ಬೆಳಗಿನ ಜಾವ ಕೈನಡುಕ ನಿಂತದ್ದು, ಎಲ್ಲವನ್ನೂ ಹೇಳುತ್ತಾರೆ. ಅದೇ ಅಕ್ಕನನ್ನು ನೆರೆಮನೆಯ ಹೆಣ್ಣುಮಗಳೊಬ್ಬಳು ನೀರು ತುಂಬುವಾಗ ಕೇಳಿದಳು: ‘ಅಷ್ಟು ದೊಡ್ಡ ಕಷ್ಟಾ ಹ್ಯಾಂಗ ತಡ್ಕೊಂಡ್ರಿ ಅಕ್ಕಾರ?’

‘ಏನ್ ಮಾಡೂದ್ರೀ, ಬಂದದ್ದು ಅನುಭವಿಸಬೇಕಲ್ಲ’ ಎಂದು ಅಕ್ಕ ಕೊಡ ಎತ್ತಿಕೊಂಡರು.

ಕೇಳಿದವಳು ಮನಸ್ಸಿಟ್ಟು ಕೇಳಿದ್ದಳು. ಅವಳ ಮನೆಯಲ್ಲೂ ಕಾಯಿಲೆಯವರಿದ್ದರು. ಅವಳಿಗೆ ಬೇಕಿದ್ದದ್ದು ಒಂದು ನಿಜವಾದ ಮಾತು. ಅದನ್ನು ಹೇಳಿದ್ದರೆ ಯಾರ ದೇವರಿಗೂ ಅವಮಾನವಾಗುತ್ತಿರಲಿಲ್ಲ, ಯಾರ ಮತವೂ ಬದಲಾಗಬೇಕಿರಲಿಲ್ಲ. ಆದರೂ ಮಾತು ಗಂಟಲಲ್ಲೇ ಉಳಿಯಿತು.

ಅಕ್ಕನನ್ನು ದೂರುವುದು ಸುಲಭ. ಧೈರ್ಯವಿಲ್ಲ, ವಿಶ್ವಾಸ ಸಾಲದು ಎಂದು ಪೀಠದ ಮೇಲಿಂದ ಬೈಯುವ ಬೋಧಕರಿದ್ದಾರೆ. ಅವರ ಆ ಮಾತನ್ನು ನಾನು ಒಪ್ಪುವುದಿಲ್ಲ. ಅಳುಕಿಗೆ ಕಾರಣಗಳಿವೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಆರಾಧನಾ ಮಠಕ್ಕೇ ನುಗ್ಗಿ ದಾಳಿ ಮಾಡಿದ್ದನ್ನು ಈ ಸಮುದಾಯ ಮರೆತಿಲ್ಲ. 2022ರಲ್ಲಿ ಜಾರಿಗೆ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಲವಂತ, ವಂಚನೆ, ಆಮಿಷದ ಮತಾಂತರವನ್ನು ನಿಷೇಧಿಸಿತು. ಬಲವಂತವನ್ನು ಸಮರ್ಥಿಸುವ ಕ್ರೈಸ್ತ ಯಾರಿದ್ದಾನೆ? ತೊಡಕಿರುವುದು ವಿವರಗಳಲ್ಲಿ. ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯ ಉಚಿತ ಶಿಕ್ಷಣವನ್ನೂ, ಉತ್ತಮ ಬದುಕಿನ ಭರವಸೆಯನ್ನೂ ಆಮಿಷದ ವ್ಯಾಖ್ಯೆಯೊಳಗೆ ಸೇರಿಸಲಾಯಿತು. ದೂರು ಕೊಡಬಲ್ಲವರ ಪಟ್ಟಿಯಲ್ಲಿ ರಕ್ತಸಂಬಂಧಿಗಳ ಜೊತೆ ಸಹೋದ್ಯೋಗಿಯೂ ಇದ್ದಾನೆ. ತಪ್ಪು ಮಾಡಿಲ್ಲವೆಂದು ಸಾಬೀತುಪಡಿಸುವ ಹೊರೆ ಆರೋಪಿಯ ಮೇಲೇ ಬಿತ್ತು. ಪಕ್ಕದ ಮೇಜಿನ ಗೆಳೆಯನೇ ನಾಳೆ ದೂರುದಾರನಾಗಬಹುದು ಎಂದು ಕಾನೂನೇ ಹೇಳಿದ ಮೇಲೆ, ಊಟದ ಡಬ್ಬಿ ತೆರೆದು ಕೂತಾಗ ಯಾರು ಪ್ರಾರ್ಥನೆಯ ಸುದ್ದಿ ಎತ್ತುತ್ತಾರೆ? ಕಾಯ್ದೆಯನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಮನಸ್ಸಿನೊಳಗೆ ಇಳಿದ ಭಯ ಸಂಪುಟದ ತೀರ್ಮಾನದಿಂದ ಹೋಗುವಂಥದ್ದಲ್ಲ.

ಸಂವಿಧಾನದ 25ನೇ ವಿಧಿ ಧರ್ಮವನ್ನು ಅನುಸರಿಸುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನ್ನ ಧರ್ಮದ ತತ್ವಗಳನ್ನು ತಿಳಿಸುವ ಹಕ್ಕು ಇದೆ, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಇಲ್ಲ ಎಂದಿತು. ಆ ತೀರ್ಪಿನ ಬಗ್ಗೆ ವಾದವಿರಲಿ, ಅದರ ಪ್ರಕಾರವೇ ನೋಡಿದರೂ ಅಕ್ಕ ಹೇಳಬಹುದಾಗಿದ್ದ ಮಾತಿಗೆ ಯಾವ ಅಡ್ಡಿಯೂ ಇರಲಿಲ್ಲ.

ದಲಿತ ಕ್ರೈಸ್ತರ ಅಳುಕು ಇದಕ್ಕಿಂತ ಆಳದ್ದು. ಅದನ್ನು ನಮ್ಮ ಸಭೆಗಳೇ ಮಾತಾಡಲು ಹಿಂಜರಿಯುತ್ತವೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗಷ್ಟೇ ಕೊಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತ ಎಂದು ಬಾಯಿಬಿಟ್ಟು ಹೇಳಿದ ದಲಿತ ಆ ಸ್ಥಾನ ಕಳೆದುಕೊಳ್ಳುತ್ತಾನೆ. ಮಗಳ ಕಾಲೇಜು ಸೀಟು, ಮಗನ ನೌಕರಿ, ಹಾಸ್ಟೆಲ್, ಎಲ್ಲವೂ ಆ ಒಂದು ಪ್ರಮಾಣಪತ್ರಕ್ಕೆ ಅಂಟಿಕೊಂಡಿವೆ. ಊರಿನವರು ಕೇರಿ ಎಂದೇ ಕರೆಯುವ ಜಾಗದಲ್ಲಿ, ಊರಿನವರು ನಡೆಸಿಕೊಳ್ಳುವ ರೀತಿಯಲ್ಲೇ ಬದುಕುತ್ತಾ, ಕಾಗದದ ಮೇಲೆ ಮಾತ್ರ ಅವನು ಬೇರೆಯವನಾಗಬೇಕು. ಇಂಥವನು ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋದರೆ, ಯಾರ ಎದುರೂ ಏಸುವಿನ ಹೆಸರೆತ್ತದಿದ್ದರೆ, ಅವನನ್ನು ಹೇಡಿ ಎನ್ನುವ ಹಕ್ಕು ನನಗಿಲ್ಲ. ಸಭೆಯೊಳಗೂ ಜಾತಿ ಉಳಿಸಿಕೊಂಡ ನಮ್ಮಲ್ಲಿ ಯಾರಿಗೂ ಇಲ್ಲ.

ಭಯವಿಲ್ಲದ ಕಡೆಯೂ ಮೌನವಿದೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಆಸ್ಪತ್ರೆ ಎದ್ದವು. ಬೆಟಗೇರಿಯ ಆಸ್ಪತ್ರೆಯನ್ನು ಜನ ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಕ್ರಮೇಣ ನಮ್ಮ ವಿಶ್ವಾಸದ ಮಾತನ್ನು ಆ ಕಟ್ಟಡಗಳಿಗೇ ಒಪ್ಪಿಸಿಬಿಟ್ಟೆವು. ಸೇವೆಯೇ ಸಾಕ್ಷಿ, ಬಾಯಿಬಿಡುವುದೇಕೆ ಎನ್ನುತ್ತೇವೆ. ಸೇವೆ ದೊಡ್ಡದು, ನಿಜ. ಆದರೆ ಶಾಲೆಯ ಮೇಲೂ ಆಸ್ಪತ್ರೆಯ ಮೇಲೂ ಆಮಿಷದ ಸಂಶಯ ಬಿದ್ದಾಗ, ಇದನ್ನೆಲ್ಲ ಏಕೆ ಮಾಡುತ್ತೇವೆ ಎಂದು ವಿವರಿಸಲು ನಮಗೆ ಮಾತೇ ಬರಲಿಲ್ಲ. ನಾವು ಹೇಳದೆ ಬಿಟ್ಟದ್ದನ್ನು ವದಂತಿ ಹೇಳಿತು. ಅಕ್ಕಿ ಕೊಡುತ್ತಾರಂತೆ, ದುಡ್ಡು ಕೊಡುತ್ತಾರಂತೆ ಎಂಬುದಷ್ಟೇ ನೆರೆಯವರ ಕಿವಿಗೆ ಬಿತ್ತು.

ಅದೇ ಮಿಷನ್ನಿನ ಮೋಗ್ಲಿಂಗ್‌ರನ್ನು ನಾವು 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯಿಂದ ನೆನೆಯುತ್ತೇವೆ. ಜನರನ್ನು ಕ್ರಿಸ್ತನ ಕಡೆಗೆ ತರಬೇಕೆಂಬ ಹಂಬಲವನ್ನು ಅವರು ಮುಚ್ಚಿಟ್ಟವರಲ್ಲ. ಆದರೆ ಬಸವಪುರಾಣವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದವರೂ ಅವರೇ. ಎದುರಿನವರ ಭಕ್ತಿಯನ್ನು ಕೂತು ಕೇಳಿದ್ದರು. ಆ ಕಾಲದ ಮಿಷನರಿ ಕರಪತ್ರಗಳಲ್ಲಿ ವಿಗ್ರಹಾರಾಧನೆಯ ಬಗ್ಗೆ ಕಟು ಮಾತುಗಳೂ ಇದ್ದವು. ಇಂದಿಗೂ ಕೆಲವರು ಧ್ವನಿವರ್ಧಕ ಹಿಡಿದು ಇನ್ನೊಬ್ಬರ ದೇವರನ್ನು ಹೀಗಳೆಯುವುದನ್ನೇ ಸುವಾರ್ತೆ ಎಂದುಕೊಂಡಿದ್ದಾರೆ. ಸಂಕೋಚದ ಸ್ವಭಾವದ ಎಷ್ಟೋ ಕ್ರೈಸ್ತರು ಬಾಯಿ ಮುಚ್ಚಿಕೊಂಡಿರುವುದು ಅವರ ಜೊತೆ ತಮ್ಮನ್ನೂ ಸೇರಿಸಿಬಿಟ್ಟಾರು ಎಂದು. ಇದು ಒಳ್ಳೆಯ ಸಂಕೋಚವೇ. ಆದರೆ ಕೂಗಾಡುವವರನ್ನು ಬಿಟ್ಟರೆ ಏನೂ ಹೇಳದವರು ಮಾತ್ರ ಎಂದಾದರೆ, ಜನ ಕೂಗನ್ನೇ ಕ್ರೈಸ್ತಧರ್ಮ ಎಂದು ತಿಳಿಯುತ್ತಾರೆ.

ಕೂಗಿಗೂ ಮೌನಕ್ಕೂ ನಡುವಿನ ಮಾತನ್ನು ಮಕ್ಕಳಿಗೇ ಕಲಿಸಬಹುದು. ನಮ್ಮ ದೃಢೀಕರಣದ ತರಗತಿಗಳಲ್ಲಿ ಹದಿಹರೆಯದ ಮಕ್ಕಳು ಹತ್ತು ಆಜ್ಞೆ, ವಿಶ್ವಾಸಪ್ರಮಾಣವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ‘ಶುಭ ಶುಕ್ರವಾರ ನಿಮ್ಮ ಮನೆಯಲ್ಲಿ ಹೊಸ ಬಟ್ಟೆ ಯಾಕೆ ಇಲ್ಲ, ಸ್ವೀಟ್ ಯಾಕೆ ಮಾಡಲ್ಲ?’ ಎಂದು ಶಾಲೆಯ ಗೆಳತಿ ಕೇಳಿದರೆ ತಡವರಿಸುತ್ತಾರೆ. ಆ ಪ್ರಶ್ನೆಗೆ ಮನೆಯ ಕನ್ನಡದಲ್ಲಿ, ನಾಲ್ಕು ವಾಕ್ಯದಲ್ಲಿ, ಪ್ರಸಂಗ ಮಾಡದೆ ಉತ್ತರಿಸುವುದನ್ನು ಸಭೆಯ ಅಯ್ಯನವರು ಕಲಿಸಲಿ. ಉತ್ತರಿಸಿದ ಮೇಲೆ ‘ನಿಮ್ಮ ಮನೆಯಲ್ಲಿ ಶಿವರಾತ್ರಿ ಜಾಗರಣೆ ಯಾಕೆ ಮಾಡ್ತೀರಿ?’ ಎಂದು ತಿರುಗಿ ಕೇಳುವುದನ್ನೂ, ಅವಳು ಹೇಳಿ ಮುಗಿಸುವ ತನಕ ಕೇಳಿಸಿಕೊಳ್ಳುವುದನ್ನೂ ಕಲಿಸಲಿ. ಒಂದು ವರ್ಷದ ತರಗತಿಯಲ್ಲಿ ಒಂದೆರಡು ಭಾನುವಾರ ಇದಕ್ಕೆ ಮೀಸಲಿಟ್ಟರೂ ನಡೆದೀತು.