ಮೊದಲು ಬ್ರೇಕು, ಆಮೇಲೆ ವೇಗ

ಓದಿದವನು ಕೈಗೆ ಮಸಿ ಹಚ್ಚಿಕೊಳ್ಳಬಾರದೆಂಬ ಮಾತನ್ನು ನಾನು ಒಪ್ಪಲಾರೆ. 2001ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಫಿಯೆಟ್ ಪಾಲಿಯೊ 1.6 ಪುಟ್ಟ ಕಾರಾದರೂ ಸುಮಾರು 100 ಅಶ್ವಶಕ್ತಿಯುಳ್ಳದ್ದು. ಅಂಥ ಹಳೆಯದೊಂದನ್ನು ಅಣ್ಣನೂ ನಾನೂ ಅಂಗಳದಲ್ಲಿಯೇ ದುರಸ್ತು ಮಾಡುತ್ತ ಬಂದಿದ್ದೇವೆ. “ವೇಗವೆಷ್ಟು ಹೆಚ್ಚಿತು?” ಎಂದು ಗೆಳೆಯರು ಕೇಳುತ್ತಾರೆ. ಮೊದಲು ಕೇಳಬೇಕಾದುದು ಅದಲ್ಲ. ಬ್ರೇಕಿನ ದ್ರವವು ವರ್ಷಗಳುರುಳಿದಂತೆ ಗಾಳಿಯ ತೇವವನ್ನು ಹೀರುತ್ತದೆ. ಘಟ್ಟವಿಳಿಯುವಾಗ ಅದು ಕಾದು ಕುದಿದರೆ ಪೆಡಲು ತಳಮುಟ್ಟೀತೇ ಹೊರತು ಕಾರು ನಿಲ್ಲದು. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಮೊದಲು ಬ್ರೇಕು, ಬಳಿಕ ಟೈರು, ಟೈಮಿಂಗ್ ಬೆಲ್ಟು. ಶಕ್ತಿ ಹೆಚ್ಚಿಸುವ ಮಾತು ಕಡೆಗೆ. ಈ ಕ್ರಮವನ್ನು ಕಲಿಸಿದವನು ಏಳನೆಯ ತರಗತಿಗೇ ಶಾಲೆ ಬಿಟ್ಟ ಅಣ್ಣ. ನಮ್ಮ ಮನೆತನದ ಮೊದಲ ಪದವೀಧರನಾಗಲಿರುವ ನನಗೆ ಅವನ ಶಿಷ್ಯನೆನ್ನಲು ಸಂಕೋಚವಿಲ್ಲ. ವಿದ್ಯಾರ್ಥಿಮಿತ್ರರಿಗೂ ಅಂಥ ಸಂಕೋಚ ಬೇಡ.