ಫರ್ಮಾ ಎಡವಿದ ಸಂಖ್ಯೆ

2ರ ವರ್ಗ 4, 4ರ ವರ್ಗ 16. ಹೀಗೆಯೇ ವರ್ಗ ಮಾಡುತ್ತ ಹೋದರೆ 256, 65,536 ಬರುತ್ತವೆ. ಮೊದಲಿನ 2ನ್ನೂ ಸೇರಿಸಿಕೊಂಡು ಪ್ರತಿಯೊಂದಕ್ಕೂ 1 ಕೂಡಿಸಿ: 3, 5, 17, 257, 65,537. ಐದೂ ಅವಿಭಾಜ್ಯ ಸಂಖ್ಯೆಗಳು. 1 ಮತ್ತು ತಮ್ಮನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ.

ಆರನೆಯದು 4,29,49,67,297. ಇದು?

ಫ್ರಾನ್ಸಿನ ತುಲೂಸ್ ನಗರದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದು, ಬಿಡುವಿನಲ್ಲಿ ಗಣಿತದಲ್ಲಿ ಮುಳುಗುತ್ತಿದ್ದ ಪಿಯರ್ ದ ಫರ್ಮಾ, ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯವೇ ಎಂದು ನಂಬಿದ್ದ. 1640ರಲ್ಲಿ ಪತ್ರದಲ್ಲಿ ಹಾಗೆಂದೇ ಬರೆದ. ಸಾಧಿಸಲು ಆಗಿಲ್ಲವೆಂದೂ ಒಪ್ಪಿಕೊಂಡ. ಆದರೂ ಫರ್ಮಾನಂಥವನ ಮಾತಲ್ಲವೇ! ಸುಮಾರು 90 ವರ್ಷ ಅದು ಅಲುಗಲಿಲ್ಲ.

1732ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ 25ರ ತರುಣ ಲಿಯೊನಾರ್ಡ್ ಆಯ್ಲರ್ ಅದನ್ನು ಒಡೆದು ತೋರಿಸಿದ: 641 × 67,00,417. ನಂಬಿಕೆ ಬಾರದಿದ್ದರೆ ಪೆನ್ಸಿಲ್ ಹಿಡಿಯಿರಿ. ಮೂರೇ ಸಾಲಿನ ಗುಣಾಕಾರ.

641 ಸಿಕ್ಕಿದ್ದು ಹೇಗೆ? ಸಿಕ್ಕಸಿಕ್ಕ ಸಂಖ್ಯೆಯಿಂದೆಲ್ಲ ಭಾಗಿಸಬೇಕಿಲ್ಲ. ಇದನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಆಯ್ಲರ್ ಮುಂದೆ ಇದನ್ನು ಸಾಧಿಸಿಯೂ ಕೊಟ್ಟ. ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೆಯ ಭಾಗಾಕಾರಕ್ಕೇ ಕೆಲಸ ಮುಗಿಯಿತು! ಇಷ್ಟು ಹತ್ತಿರವಿದ್ದ ಉತ್ತರ ಫರ್ಮಾನ ಕಣ್ಣಿಗೆ ಹೇಗೆ ತಪ್ಪಿತೋ.

ಇನ್ನೂ ವಿಚಿತ್ರವೆಂದರೆ, 65,537ರ ಆಚೆಗೆ ಈ ಸಾಲಿನಲ್ಲಿ ಮತ್ತೊಂದು ಅವಿಭಾಜ್ಯ ಇದುವರೆಗೆ ಸಿಕ್ಕಿಲ್ಲ. ಇಲ್ಲವೇ ಇಲ್ಲವೆಂದು ಸಾಧಿಸಿದವರೂ ಇಲ್ಲ.